ಏಳು ಜೋಡಿ ಗೆರೆ

ನಮ್ಮ ಕಾಲೇಜಿನ ಚಾಪೆಲ್‌ಗೆ ಬಂದವರೆಲ್ಲ ತಲೆಯೆತ್ತಿ ಇಟಲಿಯ ಕಲಾವಿದ ಮೊಸ್ಕೇನಿಯವರ ಚಿತ್ರ ನೋಡುತ್ತಾರೆ. ನೋಡಬೇಕಾದದ್ದೇ. ಆದರೆ ಯೇಸುಸಭೆಯವರು (ಜೆಸ್ವಿಟ್ ಪಾದ್ರಿಗಳು) 1880ರಲ್ಲಿ ಮಂಗಳೂರಿನಲ್ಲಿ ತೆರೆದ ಈ ಸಂತ ಅಲೋಶಿಯಸ್ ಕಾಲೇಜು ಎಂದರೆ ಹಳಬರಾದ ನಮಗೆ ನೆನಪಾಗುವುದು ಅವರ ಇನ್ನೊಂದು ಆಸ್ತಿ: ರಾತ್ರಿಯ ಕಾಲು ಗಂಟೆಯ ಆತ್ಮಶೋಧನೆ, ಅಂದರೆ ಕಳೆದ ದಿನವನ್ನು ತಿರುಗಿ ನೋಡುವ ಪ್ರಾರ್ಥನೆ.

"ನನ್ನ ಕೈಲಾಗದು" ಎನ್ನುವವರಿಗೆ "ವಿಶ್ವಾಸವಿಡು" ಎಂದು ಬೆನ್ನು ತಟ್ಟುವವರು ಬೇಕಾದಷ್ಟಿದ್ದಾರೆ. ಯೇಸುಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ ಅಷ್ಟಕ್ಕೇ ಬಿಡುವವರಲ್ಲ. ಆ ಬೇಗೆಯಲ್ಲಿ ಬೆಂದವರು. 1521ರಲ್ಲಿ ಸ್ಪೇನಿನ ಪಾಂಪ್ಲೋನಾದಲ್ಲಿ ಗುಂಡು ತಗುಲಿ ಕಾಲು ಮುರಿದ ಈ ಸೈನಿಕ, ಮರುವರ್ಷ ಅಲ್ಲಿನದೇ ಊರಾದ ಮಾನ್ರೇಸಾದಲ್ಲಿ, ಗುರುಗಳ ಮುಂದೆ ಒಮ್ಮೆ ನಿವೇದಿಸಿದ ಪಾಪವನ್ನೇ ಮತ್ತೆ ಮತ್ತೆ ನಿವೇದಿಸತೊಡಗಿದರು. ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬ ಅನುಮಾನ. ತೀರಾ ಸ್ಪಷ್ಟವಾಗಿದ್ದರಷ್ಟೇ ಹಳೆಯ ಪಾಪದ ಮಾತೆತ್ತು ಎಂದು ಗುರುಗಳು ಅಪ್ಪಣೆ ಕೊಟ್ಟರೆ, ಇಗ್ನೇಷಿಯಸ್‌ಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು!

ಶೋಧನೆಗೆ ಐದು ಹಂತ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಎದ್ದಾಗಿನಿಂದ ಗಂಟೆಗಂಟೆಯ ಲೆಕ್ಕ, ಕ್ಷಮೆ, ನಾಳೆಗೊಂದು ನಿರ್ಧಾರ. ಆತ್ಮವಿಶ್ವಾಸ ಕಳೆದುಕೊಂಡವರು ಎಡವುವುದು ಮೊದಲನೆಯದನ್ನು ಹಾರಿಸಿ ನೇರ ಮೂರನೆಯದಕ್ಕೆ ನುಗ್ಗುವಲ್ಲಿ. ಆಗ ಪ್ರಾರ್ಥನೆ ಹೋಗಿ ಪೊಲೀಸ್ ವಿಚಾರಣೆಯಾಗುತ್ತದೆ. ಕೃತಜ್ಞತೆಯೂ "ಎಲ್ಲದಕ್ಕೂ ಸ್ತೋತ್ರ" ಎಂದು ಮುಗಿಸುವಂಥದ್ದಲ್ಲ. ಬಸ್ಸಿನಲ್ಲಿ ಬ್ಯಾಗು ಹಿಡಿದುಕೊಂಡವರು, ಲ್ಯಾಬಿನಲ್ಲಿ ಒಂದೇ ಸಲಕ್ಕೆ ಸರಿ ಬಂದ ರೀಡಿಂಗು, ಹೀಗೆ ಬಿಡಿಬಿಡಿಯಾಗಿ ಹೇಳಬೇಕು.

ಒಂದೇ ದೋಷವನ್ನು ಹಿಡಿದು ಮಾಡುವ ಶೋಧನೆ ಬೇರೆಯೇ ಇದೆ. ನೋಟ್‌ಬುಕ್ಕಿನಲ್ಲಿ ಏಳು ಜೋಡಿ ಗೆರೆ, ದಿನಕ್ಕೊಂದು ಜೋಡಿ. ಪ್ರತಿ ತಪ್ಪಿಗೊಂದು ಚುಕ್ಕಿ: ಮೇಲಿನದರಲ್ಲಿ ಮಧ್ಯಾಹ್ನದವರೆಗಿನದು, ಕೆಳಗಿನದರಲ್ಲಿ ಅಲ್ಲಿಂದ ರಾತ್ರಿಯವರೆಗಿನದು. ಎರಡನ್ನೂ ಹೋಲಿಸುವುದು, ಆಮೇಲೆ ದಿನಕ್ಕೆ ದಿನ, ವಾರಕ್ಕೆ ವಾರ. ತಪ್ಪಿದ ಕ್ಷಣದಲ್ಲೇ ಕೈಯನ್ನು ಎದೆಯ ಮೇಲಿಡಬೇಕು; ನಾಲ್ಕು ಜನರ ನಡುವೆಯೂ ಯಾರಿಗೂ ತಿಳಿಯದಂತೆ ಮಾಡಬಹುದು ಎಂದು ಇಗ್ನೇಷಿಯಸ್ ಅವರೇ ಬರೆದಿದ್ದಾರೆ. ಜೇಬಿನಲ್ಲಿ ಪೆನ್ನಿದೆಯೋ ಎಂದು ಮುಟ್ಟಿ ನೋಡಿದ ಹಾಗೆ, ಅಷ್ಟೆ. ಹೆದರಿಕೆಗೆ ಮಾತ್ರ ಚುಕ್ಕಿ ಇಡಬಾರದು. ಹೆದರಿಕೆ ಪಾಪವಲ್ಲ, ಎಣಿಸುತ್ತಾ ಕೂತರೆ ಹೆಚ್ಚುತ್ತದೆ. ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ಕೂತದ್ದಕ್ಕೆ, ಅರ್ಜಿ ತುಂಬಿಸಿ ಕೊಡದೆ ಬಿಟ್ಟದ್ದಕ್ಕೆ ಚುಕ್ಕಿ. ಮೊದಲೇ ತಪ್ಪು ಎಣಿಸುವ ಗೀಳಿರುವವರಿಗೆ ಈ ನೋಟ್‌ಬುಕ್ಕೇ ಬೇಡ.

1548ರಲ್ಲಿ ಪೋಪ್ ಮೂರನೇ ಪೌಲರ ಒಪ್ಪಿಗೆ ಪಡೆದ ಅವರ ಧ್ಯಾನಸಾಧನೆಯ ಪುಸ್ತಕದಲ್ಲಿ ಮನಸ್ಸಿನ ಏರಿಳಿತಗಳನ್ನು ಗುರುತಿಸಲು ಸಾಧನೆಯ ಮೊದಲ ಘಟ್ಟಕ್ಕೆ (ಪುಸ್ತಕದ ಮಾತಲ್ಲಿ 'ಮೊದಲ ವಾರ'ಕ್ಕೆ) 14 ನಿಯಮಗಳಿವೆ. ವಿದ್ಯಾರ್ಥಿಗೆ ಐದನೆಯದೊಂದು ಬಾಯಿಪಾಠವಾದರೂ ಲಾಭವೇ: ಮನಸ್ಸು ಕತ್ತಲಾಗಿರುವಾಗ ಹಿಂದಿನ ನಿರ್ಧಾರ ಬದಲಿಸಬೇಡ. ಇಂಟರ್‌ನಲ್ಸ್‌ನಲ್ಲಿ ಅಂಕ ಕಡಿಮೆ ಬಂದ ರಾತ್ರಿ ಕೋರ್ಸ್ ಬಿಡುವ ತೀರ್ಮಾನ ಕೂಡದು. ಆರನೆಯದು, ಸುಮ್ಮನೆ ಕೂರದೆ ಪ್ರಾರ್ಥನೆಯನ್ನು ತುಸು ಹೆಚ್ಚಿಸು ಎನ್ನುತ್ತದೆ. ಹದಿಮೂರನೆಯದರಲ್ಲಿ ಸೈತಾನ ಕಳ್ಳಪ್ರೇಮಿಯಂತೆ. ತನ್ನ ಮಾತು ಗುಟ್ಟಾಗಿರಲಿ ಎಂಬುದೇ ಅವನ ಆಸೆ. ಅನುಭವಸ್ಥ ಗುರುವಿಗೆ ಹೇಳಿಬಿಟ್ಟರೆ ಅವನ ಆಟ ನಡೆಯದು.

ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ ಗುರುಗಳ ಜೊತೆಗೆ ವೈದ್ಯರನ್ನೂ ಕಾಣಬೇಕು. ಇದು ವಿಶ್ವಾಸದ ಕೊರತೆಯಲ್ಲ. ಸಾಕು ಸ್ವಾಮೀ ಎಂದು ಮರದ ಕೆಳಗೆ ಮಲಗಿಬಿಟ್ಟ ಬೈಬಲಿನ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟ. ಉಂಡು ಮತ್ತೆ ಮಲಗಿದವನನ್ನು ಇನ್ನೊಮ್ಮೆ ತಟ್ಟಿ ಎಬ್ಬಿಸಿ ಉಣ್ಣಿಸಿದ.