ಒಂದೇ ನೆಗಡಿ, ಎರಡು ಮಕ್ಕಳು

ಕಳೆದ ಆಷಾಢದಲ್ಲಿ, ಶಿರಸಿಯ ಮಳೆ ನಾಲ್ಕು ದಿನವಾದರೂ ಹೊಳವಾಗದೇ ಇದ್ದಾಗ, ತಂಗಿಯ ಹಿರಿಯ ಮಗ ಅಂಗನವಾಡಿಯಿಂದ ನೆಗಡಿ ಹೊತ್ತು ತಂದ. ಅವನು ಎರಡು ದಿನ ಮೂಗು ಸೋರಿಸಿಕೊಂಡು ಮತ್ತೆ ಜಗುಲಿಯಲ್ಲಿ ಆಡತೊಡಗಿದ. ಅವನಿಂದ ನೆಗಡಿ ತಗಲಿಸಿಕೊಂಡ ಏಳು ತಿಂಗಳ ಕೂಸು ಮಾತ್ರ ಮೂರನೆಯ ದಿನ ಎರಡು ಗುಟುಕು ಹಾಲು ಕುಡಿಯುವಷ್ಟರಲ್ಲಿ ಮೊಲೆ ಬಿಟ್ಟು, ಉಸಿರಿಗಾಗಿ ಬಾಯಿ ತೆರೆಯುತ್ತಿತ್ತು. ಅಂಗಿ ಎತ್ತಿ ನೋಡಿದರೆ ಪ್ರತಿ ಉಸಿರಿಗೂ ಪಕ್ಕೆಲುಬುಗಳ ಸಂದಿನ ಚರ್ಮ ಒಳಕ್ಕೆ ಸೆಳೆಯುತ್ತಿತ್ತು. ಡಾಕ್ಟರು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದರು: 64. ಆ ವಯಸ್ಸಿಗೆ 50 ಮುಟ್ಟಿದರೇ ಉಸಿರಾಟ ವೇಗವಾಗಿದೆ ಎಂದರ್ಥ. ಬ್ರಾಂಕಿಯೋಲೈಟಿಸ್, ಅಂದರೆ ಶ್ವಾಸಕೋಶದ ಕಿರುನಾಳಗಳ ಉರಿಯೂತ ಎಂದು ಹೇಳಿ, ಆಮ್ಲಜನಕ ಕೊಟ್ಟು, ಆಂಟಿಬಯೋಟಿಕ್ ಬೇಡ ಎಂದರು.

ಒಂದೇ ಸೋಂಕು ಅಣ್ಣನನ್ನು ಬಿಟ್ಟು ಕೂಸನ್ನು ಹೀಗೆ ಹಿಡಿದದ್ದೇಕೆ ಎಂಬ ಪ್ರಶ್ನೆ, ಜೀವಶಾಸ್ತ್ರ ಕಲಿಸುವ ನನ್ನನ್ನು ಆ ರಾತ್ರಿಯಿಂದಲೂ ಕಾಡಿದೆ.

ಈ ಕಾಯಿಲೆಗೆ ಹೆಚ್ಚಾಗಿ ಕಾರಣವಾಗುವುದು ಆರ್‌ಎಸ್‌ವಿ ಎಂಬ ವೈರಸ್. ಎರಡು ವರ್ಷ ತುಂಬುವಷ್ಟರಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ಅದು ಒಮ್ಮೆಯಾದರೂ ತಗಲಿರುತ್ತದೆ. ಶ್ವಾಸನಾಳದ ಒಳಪದರದ ಜೀವಕೋಶಗಳು ವೈರಸ್ಸನ್ನು ಗುರುತಿಸಿದೊಡನೆ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ. ಆದರೆ ಆರ್‌ಎಸ್‌ವಿಯ ಎರಡು ಪ್ರೋಟೀನುಗಳು ಈ ಎಚ್ಚರಿಕೆಯನ್ನೇ ಅಡಗಿಸುತ್ತವೆ. ಅಣ್ಣನ ದೇಹಕ್ಕೆ ಹಿಂದಿನ ಸೋಂಕುಗಳ ನೆನಪಿರುತ್ತದೆ. ಕೂಸಿಗೆ ಅದಿಲ್ಲ; ಬಸಿರಿನಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳೂ ತಿಂಗಳು ಕಳೆದಂತೆ ಕರಗಿಹೋಗಿರುತ್ತವೆ. ತಡವಾಗಿ ಎಚ್ಚೆತ್ತ ದೇಹ ಬಿಳಿ ರಕ್ತಕಣಗಳನ್ನು ದಂಡುಗಟ್ಟಿ ಕಳಿಸುತ್ತದೆ. ಆ ಕಣಗಳು, ಉದುರಿದ ಒಳಪದರದ ಕೋಶಗಳು, ಲೋಳೆ ಎಲ್ಲವೂ ಸೇರಿ ಕಿರುನಾಳಗಳನ್ನು ಮುಚ್ಚುತ್ತವೆ. ನಾಳದ ಒಳಗಿನ ತ್ರಿಜ್ಯ ಅರ್ಧಕ್ಕಿಳಿದರೆ ಗಾಳಿಗೆ ಎದುರಾಗುವ ತಡೆ ಸುಮಾರು 16 ಪಟ್ಟು ಏರುತ್ತದೆ ಎಂಬ ಲೆಕ್ಕವನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದರ ಅರ್ಥ ನನಗೆ ಆದದ್ದು ಕೂಸಿನ ಪಕ್ಕೆ ನೋಡಿದ ಮೇಲೆ.

ರಕ್ಷಣೆಯೇ ದಾರಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನೋವಿನ ದಾಖಲೆಯೊಂದಿದೆ. 1960ರ ದಶಕದಲ್ಲಿ ಅಮೆರಿಕದಲ್ಲಿ, ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಆರ್‌ಎಸ್‌ವಿ ಲಸಿಕೆ ಪಡೆದ ಶಿಶುಗಳಿಗೆ ಮುಂದೆ ಅದೇ ವೈರಸ್ ತಗಲಿದಾಗ ಕಾಯಿಲೆ ಇನ್ನಷ್ಟು ಉಲ್ಬಣಿಸಿತು. ಇಬ್ಬರು ಮಕ್ಕಳು ತೀರಿಕೊಂಡರು. ಆ ಲಸಿಕೆ ಎಬ್ಬಿಸಿದ ಪ್ರತಿಕಾಯಗಳು ವೈರಸ್ಸನ್ನು ತಡೆಯಲು ಸಾಲದೆ, ಉರಿಯೂತವನ್ನು ಮಾತ್ರ ಹೆಚ್ಚಿಸಿದ್ದವು. ಸಿದ್ಧ ಪ್ರತಿಕಾಯವನ್ನೇ, ಅಪಾಯ ಹೆಚ್ಚಿರುವ ಶಿಶುಗಳಿಗಷ್ಟೇ ಅಲ್ಲದೆ ಆರೋಗ್ಯವಂತ ಶಿಶುಗಳಿಗೂ ಚುಚ್ಚುವ ಮದ್ದಿಗೂ, ಗರ್ಭಿಣಿಗೆ ಕೊಡುವ ಲಸಿಕೆಗೂ ಯುರೋಪು, ಅಮೆರಿಕಗಳಲ್ಲಿ ಒಪ್ಪಿಗೆ ಸಿಕ್ಕಿದ್ದು 2022–23ರಲ್ಲಷ್ಟೇ.

ಹೀಗೆ ನರಳಿದ ಮಕ್ಕಳಲ್ಲಿ ಕೆಲವರಿಗೆ ಮುಂದೆ ನೆಗಡಿಯಾದಾಗಲೆಲ್ಲ ಎದೆಯಲ್ಲಿ ಸಿಳ್ಳೆಯಂಥ ಸದ್ದು ಬರುತ್ತದೆ, ಕೆಲವರಿಗೆ ಆಸ್ತಮಾ ಆಗುತ್ತದೆ. ವೈರಸ್ಸೇ ಶ್ವಾಸನಾಳದ ಸ್ವಭಾವವನ್ನು ಬದಲಿಸುತ್ತದೆಯೋ, ಹುಟ್ಟಿನಿಂದಲೇ ಇದ್ದ ದೌರ್ಬಲ್ಯವನ್ನು ಹೊರಗೆಡಹುತ್ತದೆಯೋ ಎಂಬ ಚರ್ಚೆ ಮುಗಿದಿಲ್ಲ. ಎರಡೂ ಇರಬೇಕೆಂದು ನನ್ನ ಎಣಿಕೆ. ಒಲೆಯ ಹೊಗೆ ಮಕ್ಕಳ ಉಸಿರಾಟದ ಕಾಯಿಲೆಗಳನ್ನು ಹೆಚ್ಚಿಸಬಲ್ಲದು. ಆದ್ದರಿಂದ ಆಯಿ ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸುವಾಗ ಕೂಸನ್ನು ಈಗ ಆ ಕಡೆ ಒಯ್ಯುವುದಿಲ್ಲ.

ಈ ಮಳೆಗಾಲದಲ್ಲಿ ಕೂಸಿಗೆ ಎರಡು ಸಲ ನೆಗಡಿಯಾಗಿದೆ. ಎರಡನೆಯ ಸಲ ಎದೆಯಲ್ಲಿ ಸಣ್ಣಗೆ ಸಿಳ್ಳೆ ಕೇಳಿಸಿತು. ತಂಗಿ ಅಂಗಿ ಎತ್ತಿ, ಮೊಬೈಲಿನ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದಳು: 34.