‘ಲಿನಕ್ಸ್‌ಗೆ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?’ ಅಂತ ಕೇಳುವವರಿಗೆ

ಕಾಲೇಜಿನ ಜೂನಿಯರ್‌ಗಳು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: “ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬಂದಿದ್ದೀನಿ. ಕೈಯಲ್ಲಿ ಇಪ್ಪತ್ತು ಸಾವಿರ ಇದೆ. ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?” ಎಲ್ಲರಿಗೂ ಬೇಕಿರುವುದು ಒಂದು ಮಾಡೆಲ್ ಹೆಸರು. ಹೆಸರು ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಪೆನ್‌ಡ್ರೈವ್ ರೆಡಿ ಮಾಡಿಕೊಳ್ಳಿ.

ನಾನು ಲಿನಕ್ಸ್ ಕಲಿತದ್ದು ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ. ವಿಂಡೋಸ್ ಏಳುವುದಕ್ಕೇ ಹತ್ತು ನಿಮಿಷ ಹಿಡಿಯುತ್ತಿತ್ತು. ಲಿನಕ್ಸ್ ಮಿಂಟ್ (ಲಿನಕ್ಸ್‌ನ ಒಂದು ಬಗೆ) ಹಾಕಿದ ಮೇಲೆ ಅದೇ ಮೆಷಿನ್ ಇನ್ನೂ ಎರಡು ವರ್ಷ ಬಂತು. ಡಿಗ್ರಿಗೆ ಬೆಂಗಳೂರಿಗೆ ಬಂದಾಗ ಅದನ್ನು ಹಾಸ್ಟೆಲ್‌ಗೆ ಹೊತ್ತು ತರುವ ಹಾಗಿರಲಿಲ್ಲ. ಸ್ಕಾಲರ್‌ಶಿಪ್ ದುಡ್ಡು, ಟ್ಯೂಷನ್ ಹೇಳಿ ಗಳಿಸಿದ್ದು, ಎಲ್ಲ ಸೇರಿ 19,000 ರೂಪಾಯಿ ಇತ್ತು.

ಅಷ್ಟಕ್ಕೆ ಹೊಸದೂ ಸಿಗುತ್ತಿತ್ತು. 4 ಜಿಬಿ ರ‍್ಯಾಮ್, ಅದೂ ಬೋರ್ಡಿಗೇ ಬೆಸುಗೆ ಹಾಕಿದ್ದು. ನಾಳೆ ಸಾಲದು ಅನ್ನಿಸಿದರೆ ಏನೂ ಮಾಡುವಂತಿಲ್ಲ. ಅದಕ್ಕೇ ನಾನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರೋಡ್‌ಗೆ ಹೋದೆ. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಆಫೀಸ್ ಲ್ಯಾಪ್‌ಟಾಪ್‌ಗಳು ಅಲ್ಲಿಗೆ ಬರುತ್ತವೆ. ಗಟ್ಟಿ ಮೆಷಿನ್‌ಗಳು, ಬಿಚ್ಚಿ ರಿಪೇರಿ ಮಾಡಬಹುದು. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ ಹಳೇ ಪ್ರೊಸೆಸರ್‌ಗಳು ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಹೆಚ್ಚೂಕಮ್ಮಿ ಇಲ್ಲವೇ ಇಲ್ಲ. ಬೇರೆಯವರು ಬೇಡ ಅಂದ ಆ ಮೆಷಿನ್‌ಗಳಲ್ಲಿ ಲಿನಕ್ಸ್ ಆರಾಮಾಗಿ ಓಡುತ್ತದೆ.

ಮೊದಲ ಅಂಗಡಿಯಲ್ಲಿ ನಾನು ತಪ್ಪು ಮಾಡಿದೆ. ಹೊಳೆಯುವ ಮೈ ನೋಡಿ ಸಾವಿರ ರೂಪಾಯಿ ಅಡ್ವಾನ್ಸ್ ಕೊಟ್ಟುಬಿಟ್ಟೆ. ಆಮೇಲೆ ಬಯೋಸ್ ಸೆಟ್ಟಿಂಗ್‌ಗೆ (ವಿಂಡೋಸ್ ಅಥವಾ ಲಿನಕ್ಸ್ ಶುರುವಾಗುವ ಮೊದಲೇ ತೆರೆಯುವ, ಮೆಷಿನ್‌ನದೇ ಸೆಟ್ಟಿಂಗ್) ಹೋದರೆ ಪಾಸ್‌ವರ್ಡ್ ಕೇಳಿತು. ಅದಿಲ್ಲದೆ ಆ ಸೆಟ್ಟಿಂಗ್‌ಗಳನ್ನು ಬದಲಾಯಿಸುವ ಹಾಗಿಲ್ಲ. ಹಿಂದಿನ ಆಫೀಸಿನವರು ಹಾಕಿದ್ದು, ಅಂಗಡಿಯವನಿಗೂ ಗೊತ್ತಿರಲಿಲ್ಲ. ಅಡ್ವಾನ್ಸ್ ವಾಪಸ್ ಬರಲಿಲ್ಲ. ಹಾಗಾಗಿ ಹೇಳ್ತೀನಿ, ದುಡ್ಡು ತೆಗೆಯುವ ಮೊದಲು ಬಯೋಸ್ ತೆರೆದು ನೋಡಿ.

ಎರಡನೇ ಅಂಗಡಿಯಲ್ಲಿ ಕೇಳಿಯೇ ಕೂತೆ. “ಅಣ್ಣಾ, ಅರ್ಧ ಗಂಟೆ ಬೇಕು.” ಆತ ಸ್ಟೂಲ್ ಕೊಟ್ಟರು. ಮುಂದಿದ್ದದ್ದು ಲೆನೊವೊ ಥಿಂಕ್‌ಪ್ಯಾಡ್ ಟಿ480, 2018ರ ಮಾಡೆಲ್. ಮಿಂಟ್ ತುಂಬಿದ್ದ ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿ ಎಫ್12 ಒತ್ತಿದೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಮಿಂಟ್ ತೆರೆದುಕೊಂಡಿತು. ಫೋನಿನ ಹಾಟ್‌ಸ್ಪಾಟ್‌ಗೆ ವೈಫೈ ಸೇರಿಸಿದೆ. ಒಂದು ಹಾಡು ಹಾಕಿದೆ. ಮುಚ್ಚಳ ಮುಚ್ಚಿ, ಎರಡು ನಿಮಿಷ ಬಿಟ್ಟು ತೆರೆದೆ. ನಿದ್ದೆಯಿಂದ ಸರಿಯಾಗಿ ಎದ್ದಿತು. ಕೀಬೋರ್ಡಿನ ಒಂದೊಂದೇ ಕೀ ಒತ್ತಿ ನೋಡಿದೆ. ಸ್ಕ್ರೀನನ್ನು ಪಕ್ಕದಿಂದಲೂ ನೋಡಿದೆ, ಯಾಕಂದರೆ ಇದೇ ಮಾಡೆಲ್‌ನಲ್ಲಿ 1366×768ರ ಮಂಕು ಪರದೆಯೂ ಬರುತ್ತದೆ.

ಕೊನೆಗೆ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ‘ಅಪ್‌ಪವರ್’ (upower -d) ಕಮಾಂಡ್ ಕೊಟ್ಟೆ. ಬ್ಯಾಟರಿ ಹೊಸದರಲ್ಲಿ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ, ಎರಡೂ ತೋರಿಸುತ್ತದೆ. ಟಿ480ಗೆ ಎರಡು ಬ್ಯಾಟರಿ. ಒಳಗಿನದು 24 ವಾಟ್-ಅವರ್‌ನದು, 17 ತೋರಿಸಿತು. ಹೊರಗಿನದರಲ್ಲಿ ಬರೀ 9. ಆ ಸಂಖ್ಯೆಯನ್ನೇ ಅಂಗಡಿಯವರಿಗೆ ತೋರಿಸಿದೆ. 18,500 ಅಂದಿದ್ದವರು 17,000ಕ್ಕೆ ಇಳಿದರು. ಹೊರಗಿನ ಬ್ಯಾಟರಿಯನ್ನು ಹಿಂಬದಿಯ ಲ್ಯಾಚ್ ಸರಿಸಿ ನಾವೇ ಬದಲಾಯಿಸಬಹುದು. ನಾನು ಮುಂದಿನ ಸೆಮಿಸ್ಟರ್‌ನಲ್ಲಿ ಬದಲಾಯಿಸಿದೆ. ರ‍್ಯಾಮ್‌ಗೂ ಎರಡು ಸ್ಲಾಟ್ ಇವೆ. ಒಂದು ಖಾಲಿ ಇತ್ತು, ಆಮೇಲೆ ಇನ್ನೊಂದು 8 ಜಿಬಿ ಹಾಕಿಕೊಂಡೆ.

ಕನ್ನಡದ ಬಗ್ಗೆ ಕೇಳುವವರೂ ಜಾಸ್ತಿ. ಭಯ ಬೇಡ. ಕಗಪ ಕೀಲಿಮಣೆ ಮೊದಲೇ ಒಳಗಿದೆ, ಸೆಟ್ಟಿಂಗ್‌ನಲ್ಲಿ ಆರಿಸಿಕೊಂಡರೆ ಸಾಕು. ಗುಬ್ಬಿ, ನವಿಲು ಫಾಂಟ್‌ಗಳನ್ನು ಸಾಫ್ಟ್‌ವೇರ್ ಪಟ್ಟಿಯಿಂದಲೇ ಹಾಕಿಕೊಳ್ಳಬಹುದು. ನುಡಿ ತಂತ್ರಾಂಶಕ್ಕೆ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಬರುವ ಮುಂಚಿನ ಫೈಲ್‌ಗಳು ಮಾತ್ರ ತೆರೆದಾಗ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳಿ. ಅಪ್ಪನ ಹಳೇ ಲೇಖನಗಳನ್ನು ನಾನು ಹಾಗೇ ಉಳಿಸಿಕೊಂಡೆ.

ನಿಮ್ಮ ಕೋರ್ಸಿಗೆ ಆಟೋಕ್ಯಾಡ್ ಅಥವಾ ಸಾಲಿಡ್‌ವರ್ಕ್ಸ್ ಬೇಕಾ? ಅವು ಲಿನಕ್ಸ್‌ಗೆ ಬರುವುದಿಲ್ಲ. ಸೀನಿಯರ್‌ಗಳನ್ನು ಕೇಳಿ ಆಮೇಲೆ ದುಡ್ಡು ಹಾಕಿ. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವುದನ್ನು ಮೊದಲ ಲ್ಯಾಪ್‌ಟಾಪ್ ಆಗಿ ನಾನಂತೂ ಹೇಳಲ್ಲ, ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಜತೆ ಗುದ್ದಾಡುವ ಹೊತ್ತಿನಲ್ಲಿ ಓದಿಕೊಳ್ಳಬಹುದು.

ಟಿ480 ಸಿಗಲಿಲ್ಲ ಅಂತ ಬೇಜಾರು ಬೇಡ. ಪಕ್ಕದಲ್ಲಿರುವ ಡೆಲ್ ಲ್ಯಾಟಿಟ್ಯೂಡ್‌ಗೋ ಎಚ್‌ಪಿ ಎಲೈಟ್‌ಬುಕ್‌ಗೋ ಅದೇ ಪೆನ್‌ಡ್ರೈವ್ ಚುಚ್ಚಿ ನೋಡಿ. ನನ್ನದು 16 ಜಿಬಿಯ ನೀಲಿ ಪೆನ್‌ಡ್ರೈವ್, ಈ ವರ್ಷ ಮೂವರು ಅದನ್ನು ತೆಗೆದುಕೊಂಡು ಹೋಗಿದ್ದಾರೆ. ಬೇಕಿದ್ದರೆ ನಿಮಗೂ ಕೊಡ್ತೀನಿ. ಎಸ್‌ಪಿ ರೋಡ್‌ಗೆ ಮಧ್ಯಾಹ್ನ ಹೋಗಿ, ಸಂಜೆ ರಶ್‌ನಲ್ಲಿ ಅರ್ಧ ಗಂಟೆ ಕೂರಲು ಸ್ಟೂಲ್ ಸಿಗುವುದು ಕಷ್ಟ.