ಅಂಚೆಚೀಟಿ ಆಲ್ಬಂ: 21 ಸೆಂಟಿನಲ್ಲಿ ಸಿಕ್ಕಿಕೊಂಡೆ

ಮೂರು ವಾರದಿಂದ ಆಲ್ಬಂ ಒಂದೇ ಪುಟದಲ್ಲಿ ನಿಂತಿದೆ. ಅಮೆರಿಕ 1938ರಲ್ಲಿ ತಂದ ಅಧ್ಯಕ್ಷರ ಸರಣಿಯ ಚೀಟಿಗಳಿಗೆ ನಾನೇ ಹಾಕಿಕೊಂಡ ನಿಯಮ: ಪುಟಕ್ಕೊಂದು ಚೀಟಿ, ಅದರ ಕೆಳಗೆ ಕೈಬರಹದ ಆರು ಸಾಲು ಕನ್ನಡ. ಈ ಸರಣಿಯಲ್ಲಿ 22 ಸೆಂಟಿನವರೆಗೆ ಅಧ್ಯಕ್ಷರ ಕ್ರಮಸಂಖ್ಯೆಯೇ ಚೀಟಿಯ ಮುಖಬೆಲೆ. ಹದಿನಾರು ಸೆಂಟಿಗೆ ಲಿಂಕನ್, ಇಪ್ಪತ್ತೊಂದಕ್ಕೆ ಚೆಸ್ಟರ್ ಆರ್ಥರ್. ಮಂಕು ನೀಲಿ ಬಣ್ಣ. ಎರಡು ಸಾಲಿಗೇ ಮುಗಿಯುವ ಮನುಷ್ಯ ಎಂದುಕೊಂಡಿದ್ದೆ.

ಮೊದಲ ಕರಡಿನಲ್ಲಿ ಬರೆದದ್ದು ಇಷ್ಟೇ: ಅಧ್ಯಕ್ಷ ಗಾರ್ಫೀಲ್ಡ್ ಗುಂಡೇಟಿನಿಂದ ತೀರಿಕೊಂಡದ್ದರಿಂದ ಉಪಾಧ್ಯಕ್ಷನಾಗಿದ್ದ ಆರ್ಥರ್ 1881ರಲ್ಲಿ ಅಧ್ಯಕ್ಷನಾದ. ಸುಳ್ಳಲ್ಲ, ಆದರೆ ಸಾಲದು. ಈತ 1871ರಿಂದ 1878ರವರೆಗೆ ನ್ಯೂಯಾರ್ಕ್ ಬಂದರಿನ ಸುಂಕದ ಕಚೇರಿಯ ಮುಖ್ಯಸ್ಥ. ಅಲ್ಲಿ ನೌಕರಿ ಸಿಗುತ್ತಿದ್ದುದು ಪಕ್ಷದ ವಶೀಲಿಯಿಂದ. ಸಿಕ್ಕ ಮೇಲೆ ಸಂಬಳದಲ್ಲೊಂದು ಪಾಲು ಪಕ್ಷದ ಹುಂಡಿಗೆ. ಅಧ್ಯಕ್ಷ ಹೇಯ್ಸ್ ಆತನನ್ನು ಆ ಹುದ್ದೆಯಿಂದ ತೆಗೆದೇ ಹಾಕಿದ. ಅಂಥವನು 1883ರ ಜನವರಿ 16ರಂದು ಪೆಂಡಲ್‌ಟನ್ ಕಾಯ್ದೆಗೆ ಸಹಿ ಹಾಕಿದ: ನೌಕರಿಗೆ ಪರೀಕ್ಷೆ ಬರೆಯಬೇಕು, ಚಂದಾ ಕೊಡದವನನ್ನು ತೆಗೆಯುವಂತಿಲ್ಲ. ಆರಂಭದಲ್ಲಿ ಕಾಯ್ದೆ ಮುಟ್ಟಿದ್ದು ಹತ್ತರಲ್ಲೊಂದು ಹುದ್ದೆಯನ್ನು ಮಾತ್ರ. ಆದರೂ ಕಳ್ಳದಾರಿಗಳೆಲ್ಲ ಗೊತ್ತಿದ್ದವನೇ ಬೇಲಿ ಕಟ್ಟಲು ನಿಂತ ಹಾಗಾಯಿತು.

ಎರಡನೆಯ ಕರಡಿಗೆ ಜೂಲಿಯಾ ಸ್ಯಾಂಡ್ ಬಂದಳು, ಲೆಕ್ಕವೆಲ್ಲ ತಪ್ಪಿತು. ನ್ಯೂಯಾರ್ಕಿನ ಈ ಕಾಯಿಲೆಯ ಹೆಣ್ಣುಮಗಳಿಗೆ ಆರ್ಥರ್‌ನ ಪರಿಚಯವೇ ಇರಲಿಲ್ಲ. ಗಾರ್ಫೀಲ್ಡ್ ಇನ್ನೂ ಹಾಸಿಗೆಯಲ್ಲಿದ್ದಾಗಲೇ ಪತ್ರ ಬರೆದು, ನಿಮ್ಮ ಬಗ್ಗೆ ಜನಕ್ಕೆ ನಂಬಿಕೆಯಿಲ್ಲ, ಬದಲಾಗಿ ಎಂದು ಮುಖಕ್ಕೆ ಹೇಳಿದಂತೆ ಹೇಳಿದಳು. ಒಟ್ಟು ಇಪ್ಪತ್ತಮೂರು ಪತ್ರಗಳು. 1882ರ ಆಗಸ್ಟ್‌ನಲ್ಲಿ ಅಧ್ಯಕ್ಷನೇ ಆಕೆಯ ಮನೆಗೆ ಹೋದ. ಸಾಯುವ ಮುನ್ನ ತನ್ನ ಕಾಗದಪತ್ರಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಸುಡಿಸಿದವನ ಮನೆಯಲ್ಲಿ ಆಕೆಯ ಪತ್ರಗಳು ಮಾತ್ರ ಉಳಿದವು. ಇದನ್ನು ಆರು ಸಾಲಿಗೆ ಹೇಗೆ ಅಡಗಿಸುವುದು?

ಇಷ್ಟಾಗುವಾಗ ನನಗೆ ಆರ್ಥರ್ ಮೇಲೆ ಪ್ರೀತಿ ಹುಟ್ಟಿತ್ತು, ಅದೇ ಎಡವಟ್ಟು. 1882ರಲ್ಲಿ ಚೀನೀ ಕೂಲಿಗಳ ಪ್ರವೇಶವನ್ನು ಇಪ್ಪತ್ತು ವರ್ಷ ನಿಷೇಧಿಸುವ ಮಸೂದೆಯನ್ನು ಆತ ಹಿಂದಿರುಗಿಸಿದ ಎಂದು ಸಂತೋಷದಿಂದ ಬರೆದುಕೊಂಡೆ. ಮರುಪುಟ ಓದಿದರೆ, ಒಂದೇ ತಿಂಗಳಲ್ಲಿ ಹತ್ತು ವರ್ಷದ ನಿಷೇಧಕ್ಕೆ ಸಹಿ ಬಿದ್ದಿದೆ. ಹೊಗಳಿಕೆಯ ಸಾಲನ್ನು ಹೊಡೆದುಹಾಕುವಾಗ ಶಾಯಿ ಹರಡಿ ಹಾಳೆಯೂ ಕೆಟ್ಟಿತು.

ಒಂದು ಸ್ವಾರಸ್ಯ. ಆತ ಮಧ್ಯರಾತ್ರಿ ಕಳೆದ ಮೇಲೆ ಪ್ರಮಾಣವಚನ ಸ್ವೀಕರಿಸಿದ, ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದ 123ನೇ ಸಂಖ್ಯೆಯ ಮನೆಯಲ್ಲಿ ಈಗ ಕಲುಸ್ತಿಯನ್ಸ್ ಎಂಬ ಮಸಾಲೆ ಅಂಗಡಿ ಇದೆ. ಅಲ್ಲಿನ ಭಾರತೀಯರು ಬೇಳೆ, ಮಸಾಲೆ ಕೊಳ್ಳುವ ಜಾಗ!

ಕೊನೆಗೆ ನಿಯಮ ಮುರಿದೆ. ಲಿಂಕನ್‌ಗೆ ಒಂದು ಪುಟ, ಆರ್ಥರ್‌ಗೆ ಎರಡು. ಎಡಪುಟಕ್ಕೆ ಪೆಂಡಲ್‌ಟನ್ ಮತ್ತು ಜೂಲಿಯಾ, ಬಲಪುಟಕ್ಕೆ ಚೀನೀಯರ ನಿಷೇಧ. ಚೀಟಿಯನ್ನು ಬಲಪುಟದಲ್ಲೇ ಅಂಟಿಸಿದ್ದೇನೆ. ಮುಂದಿನದು 22 ಸೆಂಟಿನ ಕ್ಲೀವ್‌ಲೆಂಡ್. ಆತ 24ನೆಯ ಅಧ್ಯಕ್ಷನೂ ಆದ್ದರಿಂದ ಸಂಖ್ಯೆಯ ಸೊಗಸು ಅಲ್ಲಿಗೆ ಕೆಡುತ್ತದೆ: 24 ಸೆಂಟಿನ ಚೀಟಿಯಲ್ಲಿರುವುದು 23ನೆಯ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್.